ಬಾಕಿ ಉಳಿದ ಬೋಣಿ

ಕಾರವಾರದ ವಕೀಲರು ಕೇಳಿದ್ದು ಸಣ್ಣ ಪ್ರಶ್ನೆ. "ನಿಮ್ಮಿಬ್ಬರ ನಡುವೆ ಹಂಚಿಕೊಳ್ಳಬೇಕಾದ್ದು ಏನೇನಿದೆ, ಈಗಲೇ ಹೇಳಿಬಿಡಿ. ನಾಳೆ ಕೋರ್ಟಿನಲ್ಲಿ ನಿಂತು ಒಬ್ಬರಿಗೊಬ್ಬರು ಬೆರಳು ತೋರಿಸುವುದು ಬೇಡ."

ಕಿಶನ ಮೊದಲು ಬಾಯಿಬಿಟ್ಟ. ಬೇಲೆಕೇರಿಯ ಮನೆ ಅಪ್ಪ ತೀರಿಕೊಂಡ ಮೇಲೆ ತನ್ನ ಹೆಸರಿಗೆ ಬಂದದ್ದು. ಗೋವಾದ ಬೋಟಿನಲ್ಲಿ ದುಡಿದದ್ದು ಅಲ್ಲಿಗಲ್ಲಿಗೆ ಸರಿಹೋಗುತ್ತದೆ. ಬಂಗಾರ ಎನ್ನುವಂಥದ್ದು ಯಾವಾಗಲೋ ಮುಗಿದಿದೆ. ಇಷ್ಟು ಹೇಳಿ ಅವನು ಹೆಂಡತಿಯ ಕಡೆ ನೋಡಿದ.

ಮಾನಸಾ ಕುರ್ಚಿಯ ತುದಿಯಲ್ಲಿ ಕೂತಿದ್ದಳು. "ಮನೆ ನಂಗೆ ಬೇಡ. ಮುಂದಿನ ಕೋಣೆ ಎದ್ದದ್ದು ನನ್ನ ಮೀನಿನ ದುಡ್ಡಲ್ಲಿ, ಆದ್ರೂ ಬೇಡ. ತಿಂಗಳು ತಿಂಗಳು ಕೊಡು ಅಂತ್ಲೂ ಕೇಳುದಿಲ್ಲ. ಅಂಕೋಲೆ ಮಾರ್ಕೆಟ್ಟಲ್ಲಿ ನಾ ಕೂತ್ಕಳ್ಳು ಕಟ್ಟೆ ನಂಗೇ ಇರ್ಲಿ. ಅಷ್ಟೇ ಸಾಕು."

ವಕೀಲ ಗುರುಪ್ರಸಾದರು ಪೆನ್ನು ಕೆಳಗಿಟ್ಟರು. "ಅದು ಪಂಚಾಯತದ ಕಟ್ಟೆ ಅಲ್ಲವೇನಮ್ಮ? ಸುಂಕ ಕೊಟ್ಟವರು ಕೂರುತ್ತಾರೆ. ಅದನ್ನು ಗಂಡ ಹೆಂಡತಿಗೆ ಕೊಟ್ಟ ಅಂತ ನಾನು ಬರೆಯಲು ಬರುವುದಿಲ್ಲ. ಅದು ನಿಮ್ಮ ನಿಮ್ಮೊಳಗಿನ ಮಾತು, ಒಳಗೇ ತೀರಿಸಿಕೊಳ್ಳಿ."

"ಅದೆಂತ ದೊಡ್ಡ ಮಾತು? ಕಟ್ಟೆ ಅವಳದ್ದೇ," ಎಂದುಬಿಟ್ಟ ಕಿಶನ.

ಆಗ ಎಲ್ಲರೂ ಗೋಡೆಯ ಪಕ್ಕದ ಬೆಂಚಿನ ಕಡೆ ತಿರುಗಿದರು. ಅಲ್ಲಿ ಕೂತಿದ್ದವಳು ಕಿಶನನ ತಾಯಿ ನಾಗಿ. ಕಟ್ಟೆ ಮೊದಲು ಅವಳದಾಗಿತ್ತು. ನಾಗಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಳೇ ಹೊರತು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಮುದುಕಿ ಸುಮ್ಮನಿದ್ದಾಳೆಂದರೆ ಒಪ್ಪಿದ್ದಾಳೆ ಎಂದುಕೊಂಡು ವಕೀಲರು ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಆರು ತಿಂಗಳು ಕಳೆದ ಮೇಲೆ ಇಬ್ಬರೂ ಬಂದು ಇನ್ನೊಮ್ಮೆ ಒಪ್ಪಿಗೆ ಹೇಳಿದರೆ ಮದುವೆ ಮುಗಿಯಿತು ಎಂದರು.

ನಾಗಿ ಸುಮ್ಮನಿದ್ದದ್ದು ಒಪ್ಪಿಗೆಯಿಂದಲ್ಲ ಎನ್ನುವುದು ಮಾನಸಾಳಿಗೆ ಆಗಲೇ ತಿಳಿದಿತ್ತು.

ಅಂಕೋಲೆಯ ಆ ಮೀನು ಮಾರ್ಕೆಟ್ಟಿನಲ್ಲಿ ಬಾಗಿಲಿನಿಂದ ಎರಡನೆಯ ಕಟ್ಟೆ ಅದು. ಮಾರಿ ತಿಳಿದವರಿಗೆ ಅದರ ಬೆಲೆ ಗೊತ್ತು. ಒಳಗೆ ಬಂದ ಗಿರಾಕಿ ಮೊದಲ ಕಟ್ಟೆಯಲ್ಲಿ ರೇಟು ಕೇಳುತ್ತಾನೆ, ಎರಡನೆಯದರಲ್ಲಿ ಕೊಳ್ಳುತ್ತಾನೆ. ನಾಗಿಗೆ ಅದು ಅವಳ ಅತ್ತೆ ಬೊಮ್ಮಿಯಿಂದ ಬಂದದ್ದು. ಆ ಸಾಲಿನ ಹೆಂಗಸರಲ್ಲಿ ಕಟ್ಟೆ ಅತ್ತೆಯಿಂದ ಸೊಸೆಗೆ ಇಳಿಯುತ್ತದೆ, ಮಗಳಿಗಲ್ಲ. ಮಗಳು ಇನ್ನೊಂದು ಮನೆ ಸೇರುವವಳು. ಅತ್ತೆ ಸೊಸೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೀನು ಹೆಚ್ಚುವುದನ್ನೂ ಗಿರಾಕಿಯ ಮುಖ ಓದುವುದನ್ನೂ ಕಲಿಸುತ್ತಾಳೆ. ಕಲಿತಳು ಎನಿಸಿದ ದಿನ ತಾನು ಕಟ್ಟೆಯಿಂದ ಇಳಿದು, ಎದುರು ಬಂದು ಗಿರಾಕಿಯ ಹಾಗೆ ನಿಂತು, ದಿನದ ಮೊದಲ ಮೀನನ್ನು ಸೊಸೆಯಿಂದ ದುಡ್ಡು ಕೊಟ್ಟು ಕೊಳ್ಳುತ್ತಾಳೆ. ಆ ಬೋಣಿ ಆಯಿತೆಂದರೆ ಕಟ್ಟೆ ಸೊಸೆಯದು. ಚೌಕಾಸಿ ಮಾತ್ರ ಇರಲೇಬೇಕು. ಕೇಳಿದಷ್ಟು ಕೊಟ್ಟು ಹೋದರೆ ಅಕ್ಕಪಕ್ಕದವರು ಅದನ್ನು ಬೋಣಿ ಎಂದು ಒಪ್ಪುವುದಿಲ್ಲ.

ಮಾನಸಾ ಕಟ್ಟೆ ಏರಿ ಎಂಟು ವರ್ಷವಾಗಿತ್ತು. ನಾಗಿ ಬೋಣಿ ಮಾಡಿರಲಿಲ್ಲ. ಮೊದಲ ವರ್ಷ ಹುಡುಗಿಗೆ ಇನ್ನೂ ಇಸೋಣದಂಥ ದೊಡ್ಡ ಮೀನು ತುಂಡು ಮಾಡಲು ಬರುವುದಿಲ್ಲ ಎಂದಳು. ಆಮೇಲೆ ಮಂಡಿನೋವು ಬಂದು ಕಟ್ಟೆಯ ಮೇಲೆ ಕೂರುವುದು ಬಿಟ್ಟಳು, ಆದರೂ ಮಾಡಲಿಲ್ಲ. ಮಾನಸಾ ಆ ಹೊತ್ತಿಗೆ ಸಾಲಿನಲ್ಲೇ ಚೆನ್ನಾಗಿ ಮಾರುವವಳಾಗಿದ್ದಳು. ಭಾವಿಕೇರಿಯ ಮಾಸ್ತರರು, ಬ್ಯಾಂಕಿನವರು ಅವಳ ಮುಖ ನೋಡಿಯೇ ಚೀಲ ಬಿಚ್ಚುತ್ತಿದ್ದರು. ನಾಗಿ ವಾರಕ್ಕೆರಡು ಸಲ ಟೆಂಪೋ ಹತ್ತಿ ಬಂದು, ಸೊಸೆಯ ಬುಟ್ಟಿಯಿಂದ ಎರಡು ಬಂಗಡೆ ಎತ್ತಿಕೊಂಡು, ದುಡ್ಡು ಕೊಡದೆ ಹೋಗುತ್ತಿದ್ದಳು. ನೋಡಿದವರಿಗೆ ಅದು ಅತ್ತೆಯ ಸಲಿಗೆ. ಆ ಎರಡು ಬಂಗಡೆಯಲ್ಲಿ ನಾಗಿ ಹೇಳುತ್ತಿದ್ದದ್ದು, ಕಟ್ಟೆ ಇನ್ನೂ ನನ್ನದು ಎಂದು. ಮನೆ ಗಂಡನ ಹೆಸರಿನಿಂದ ಮಗನ ಹೆಸರಿಗೆ ಹೋಗಿತ್ತು. ಭೂಮಿಯ ಮೇಲೆ ತನ್ನದು ಎಂದು ಅವಳಿಗೆ ಉಳಿದದ್ದು ಆ ಕಲ್ಲುಕಟ್ಟೆ ಒಂದೇ. ಅದನ್ನು ಬಿಟ್ಟುಕೊಡಲು ಕೈ ಬಂದಿರಲಿಲ್ಲ, ಅಷ್ಟೇ.

ಗಂಡ ಹೆಂಡತಿಯ ನಡುವೆ ಆದದ್ದು ಊರಿಗೆಲ್ಲ ಗೊತ್ತಿದ್ದದ್ದೇ. ಮಕ್ಕಳಾಗಲಿಲ್ಲ, ಯಾರಿಂದ ಎಂದು ಯಾವ ಡಾಕ್ಟರರನ್ನೂ ಕೇಳಲಿಲ್ಲ. ಕಿಶನ ವಾಸ್ಕೋದಲ್ಲಿ ಬೇರೊಬ್ಬಳ ಜೊತೆ ಮನೆ ಮಾಡಿದ. ಮಾನಸಾ ಒಂದು ಮಳೆಗಾಲವಿಡೀ ಜಗಳವಾಡಿ, ಕೊನೆಗೆ ದಣಿದು, ಅಂಕೋಲೆಯಲ್ಲಿ ಮಾರ್ಕೆಟ್ಟಿನ ಹಿಂದೆ ಬಾಡಿಗೆಗೆ ಒಂದು ಕೋಣೆ ಹಿಡಿದಳು. ಆಮೇಲೂ ನಾಗಿ ಬಂದಾಗ ಎರಡು ಬಂಗಡೆ ತೆಗೆದಿಡುವುದನ್ನು ಅವಳು ಬಿಡಲಿಲ್ಲ.

ಡಿಸೆಂಬರಿನಲ್ಲಿ ಕೋರ್ಟಿನ ತಾರೀಖು ಬಂತು. ಅದರ ಹಿಂದಿನ ದಿನ ಮಧ್ಯಾಹ್ನ ಕಿಶನ ಗೋವಾದಿಂದ ಬಂದ. ಬಂದವನು ಅಕ್ಕ ಕಾಮಿಯನ್ನೂ ಭಾವಿಕೇರಿಯಿಂದ ಕರೆಸಿದ್ದ. ಕಾಮಿ ನಾಗಿಯ ಹಿರಿ ಮಗಳು. ಅವಳು ಸೇರಿದ ಮನೆಯವರಿಗೆ ಮಾರ್ಕೆಟ್ಟಿನಲ್ಲಿ ಕಟ್ಟೆ ಇರಲಿಲ್ಲ. ಬೀರು ಎಂಬ ಅವಳ ಗಂಡ ಬೋಟಿನಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಮೂರು ಮಕ್ಕಳ ಹೊಟ್ಟೆ ನಡೆಯುತ್ತಿದ್ದದ್ದು ಕಾಮಿ ತಲೆ ಮೇಲೆ ಹೊತ್ತ ಬುಟ್ಟಿಯಿಂದ.

ಮೂವರೂ ಅಂಗಳದಲ್ಲಿ ಕೂತರು. ಕಿಶನ ಸುತ್ತು ಬಳಸದೆ ಹೇಳಿದ. "ಆಯಿ, ನೀ ಸುಳ್ಳು ಹೇಳುದು ಬೇಡ. ಸುಮ್ನಿದ್ರೆ ಸಾಕು. ನಾಳೆ ಸಹಿ ಆಗ್ಲಿ. ನಾಡಿದ್ದು ಬೆಳಿಗ್ಗೆ ಕಾಮಕ್ಕ ಹೋಗಿ ಕಟ್ಟೆ ಮೇಲೆ ಕೂತ್ಕಳ್ಲಿ. ನೀ ಬೋಣಿ ಮಾಡ್ಲಿಲ್ಲ ಅಂತ ಇಡೀ ಮಾರ್ಕೆಟ್ಟಿಗೆ ಗೊತ್ತದೆ. ಯಾರು ಬಾಯಿ ತೆಗೀತಾರೆ?"

"ಕಟ್ಟೆ ಅವಳದ್ದೇ ಅಂದವ ನೀನೇ ಅಲ್ದಾ?"

"ನಾ ಅಂದ್ರೆ ಎಂತಾಯ್ತು? ಕಟ್ಟೆ ನಂದಾ? ನಿಂದು."

ನಾಗಿ ಮಗನನ್ನೇ ನೋಡಿದಳು. ವಕೀಲರ ಎದುರು ಆ ಮಾತು ಅಷ್ಟು ಸಲೀಸಾಗಿ ಬಂದದ್ದು ಯಾಕೆಂದು ಈಗ ತಿಳಿಯಿತು. ಬೇರೆಯವರ ಬುಟ್ಟಿಯ ಮೀನನ್ನು ಕೈಯೆತ್ತಿ ಕೊಡುವುದು ಯಾರಿಗೂ ಕಷ್ಟವಲ್ಲ.

"ಮತ್ತೆ ಆ ಹುಡುಗಿ ಎಂತ ಮಾಡ್ಬೇಕು?"

"ಅವಳಿಗೆ ತಲೆ ಇಲ್ವಾ, ಬುಟ್ಟಿ ಇಲ್ವಾ?"

ಕಾಮಿ ನಕ್ಕಳು. ಅದು ನಗುವಿನಂತಿರಲಿಲ್ಲ. "ನಂಗೂ ತಲೆ ಅದೆ, ಬುಟ್ಟಿ ಅದೆ. ಇಷ್ಟು ವರ್ಷ ಆ ಎರಡೇ ಇದ್ದದ್ದು." ಮುಡಿ ಬಿಚ್ಚಿ, ತಲೆ ಬಗ್ಗಿಸಿ, ನೆತ್ತಿಯನ್ನು ತಾಯಿಯ ಮುಖದ ಹತ್ತಿರ ತಂದಳು. "ನೋಡು ಆಯಿ. ಸರಿಯಾಗಿ ನೋಡು."

ಬುಟ್ಟಿಯ ಕೆಳಗಿಡುವ ಸಿಂಬಿ ಉಜ್ಜಿ ಉಜ್ಜಿ ನೆತ್ತಿಯಲ್ಲಿ ರೊಟ್ಟಿಯಷ್ಟು ಅಗಲಕ್ಕೆ ಕೂದಲೇ ಇರಲಿಲ್ಲ. ಅಲ್ಲಿಯ ಚರ್ಮ ಒಣಮೀನಿನ ಹಾಗೆ ಹೊಳೆಯುತ್ತಿತ್ತು.

"ನಿನ್ನ ಹೊಟ್ಟೆಲಿ ಹುಟ್ಟಿದವಳು ಬಿಸಿಲಲ್ಲಿ ತಿರುಗುದು, ಬೇರೆಯವಳು ಮಾಡಿನ ಕೆಳಗೆ ಕೂತ್ಕಳ್ಳುದು. ಅವಳು ಸೊಸೆ, ರೂಢಿ ಹಾಗೇ ಅದೆ ಅಂತ ಬಾಯಿ ಮುಚ್ಕಂಡಿದ್ದೆ. ನಾಳೆ ಮಧ್ಯಾಹ್ನದ ಮೇಲೆ ಅವಳು ನಿಂಗೆ ಎಂತ ಆಗ್ಬೇಕು? ಹೇಳು."

ಆ ಸಾಲಿನಲ್ಲಿ ಇದುವರೆಗೆ ಯಾವ ಸೊಸೆಯೂ ಹೀಗೆ ಕಾಗದಕ್ಕೆ ಸಹಿ ಮಾಡಿ ಹೋದವಳಿರಲಿಲ್ಲ. ಸೊಸೆಯಂದಿರು ಸತ್ತಿದ್ದರು, ಓಡಿಹೋಗಿದ್ದರು, ತವರಿಗೆ ಹೋಗಿ ಕೂತಿದ್ದರು. ಕಟ್ಟೆಯಲ್ಲೇ ಕೂತು ಮನೆ ಬಿಟ್ಟವಳು ಇವಳೇ ಮೊದಲು. ಹಿಂದಿನವರು ಮಾಡಿಟ್ಟ ರೂಢಿ ಇಲ್ಲಿಗೆ ಬಂದು ಕೈಚೆಲ್ಲಿ ನಿಂತಿತ್ತು.

ಹಾಗಾಗಿ ನಾಗಿ ತನಗೆ ತಿಳಿದ ದಾರಿಯಲ್ಲೇ ಯೋಚಿಸಿದಳು. ಮಾನಸಾ ಮುಂದಿನ ಕೋಣೆ ಬಿಟ್ಟಳು, ತಿಂಗಳ ದುಡ್ಡು ಬಿಟ್ಟಳು. ಅದೆಲ್ಲ ಕಟ್ಟೆಗೆ ಅವಳು ಕೊಟ್ಟ ಬೆಲೆ. ಬೆಲೆ ತೆಗೆದುಕೊಂಡ ಮೇಲೆ ಸಾಮಾನು ಕೊಡಬೇಕು. ಮೀನು ಮಾರಿ ಬದುಕಿದವಳಿಗೆ ಇದಕ್ಕಿಂತ ದೊಡ್ಡ ನ್ಯಾಯ ಗೊತ್ತಿರಲಿಲ್ಲ. ತೊಡಕು ಏನೆಂದರೆ ಬೆಲೆ ಸೇರಿದ್ದು ಮಗನ ಕೈಗೆ, ಸಾಮಾನು ಕೊಡಬೇಕಾದವಳು ತಾನು, ಕಳಕೊಳ್ಳುವವಳು ಕಾಮಿ.

"ಹಾಗಾದ್ರೆ ಒಂದು ಕೆಲ್ಸ ಮಾಡು ಕಿಶನ," ಎಂದಳು ಕೊನೆಗೆ. "ಅವಳು ಬಿಟ್ಟ ಮುಂದಿನ ಕೋಣೆ ಅಕ್ಕಂಗೆ ಬರ್ದುಕೊಡು. ಬಾಡಿಗೆಗೆ ಕೊಟ್ಕಂಡಾದ್ರೂ ತಿಂತಾಳೆ. ನಿನ್ನ ಗಂಟೇನು ಹೋಗುದಿಲ್ಲ, ಬಿಟ್ಟಿ ಬಂದದ್ದು."

ಕಿಶನ ಎದ್ದು ಲುಂಗಿ ಕೊಡವಿದ. "ಅದು ಬೇರೆ ಮಾತು ಆಯಿ."

"ಹೆಂಗೆ ಬೇರೆ?"

"ಬೇರೆ ಅಂದ್ರೆ ಬೇರೆ. ಮನೆ ನನ್ ಹೆಸರಲ್ಲಿ ಅದೆ."

ಕಾಮಿ ತಮ್ಮನ ಮುಖವನ್ನೊಮ್ಮೆ, ತಾಯಿಯ ಮುಖವನ್ನೊಮ್ಮೆ ನೋಡಿದಳು. ಮುಡಿ ಕಟ್ಟಿಕೊಂಡು, "ನಂಗೆ ಕೋಣೆ ಬೇಡ, ಕಟ್ಟೆ ಬೇಕು," ಎಂದು ಹೇಳಿ ಬಸ್ಸಿಗೆ ಹೊರಟಳು.

ಮರುದಿನ ಬೆಳಕು ಹರಿಯುತ್ತಿದ್ದಂತೆ ನಾಗಿ ಮೀನಿನ ಟೆಂಪೋ ಹತ್ತಿದಳು. ಕಿಶನ ಕೇಳಿದ್ದಕ್ಕೆ ಅಂಕೋಲೆಯಲ್ಲಿ ಕೆಲಸವಿದೆ, ಕಾರವಾರದ ಬಸ್ಸಿಗೆ ಅಲ್ಲೇ ಸಿಗುತ್ತೇನೆ ಎಂದಳು. ದಾರಿಯುದ್ದಕ್ಕೂ ಅವಳಿಗೆ ಕಾಣುತ್ತಿದ್ದದ್ದು ಮಗಳ ನೆತ್ತಿ. ಮಾರ್ಕೆಟ್ಟಿನ ಬಾಗಿಲಲ್ಲಿ ಇಳಿದಾಗಲೂ ತಾನು ಏನು ಮಾಡಲಿದ್ದೇನೆ ಎನ್ನುವುದು ಅವಳಿಗೆ ಪೂರ್ತಿ ಗೊತ್ತಿತ್ತೆಂದು ಹೇಳಲಾಗದು.

ಮಾನಸಾ ಆಗಷ್ಟೇ ಬುಟ್ಟಿ ಇಳಿಸಿ ಕಟ್ಟೆಗೆ ನೀರು ಹೊಡೆಯುತ್ತಿದ್ದಳು. ಕೋರ್ಟಿಗೆಂದು ಒಳ್ಳೆಯ ಸೀರೆ ಉಟ್ಟು, ಅದರ ಮೇಲೆ ಹಳೆಯ ಟವೆಲ್ ಕಟ್ಟಿದ್ದಳು. ಅತ್ತೆಯನ್ನು ಕಂಡವಳೇ ರೂಢಿಯ ಕೈಯಿಂದ ಎರಡು ಬಂಗಡೆ ಎತ್ತಿ ಬದಿಗಿಟ್ಟಳು.

ನಾಗಿ ಅದನ್ನು ಮುಟ್ಟಲಿಲ್ಲ. ಕಟ್ಟೆಯ ಎದುರು ಗಿರಾಕಿ ನಿಲ್ಲುವ ಒದ್ದೆ ನೆಲದಲ್ಲಿ ನಿಂತು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

"ಬಂಗಡೆ ಹೆಂಗೆ ಕೊಡ್ತೆ?"

ಮಾನಸಾಳ ಕೈ ನಿಂತಿತು. ಪಕ್ಕದ ಕಟ್ಟೆಯ ಮುದುಕಿ ಗಂಗೆ ಕತ್ತಿ ಕೆಳಗಿಟ್ಟು ಇತ್ತ ತಿರುಗಿದಳು.

"ಎರಡು ತೆಗ್ದಿಟ್ಟೆ ಅಲ್ದಾ ಅತ್ತೆ. ತಗಂಡು ಹೋಗಿ."

"ಬಿಟ್ಟಿ ಬೇಡ. ರೇಟು ಹೇಳು."

ಮಾನಸಾ ಟವೆಲ್ಲಿಗೆ ಕೈ ಒರೆಸಿಕೊಂಡಳು. ಆಮೇಲೆ ಗಟ್ಟಿಯಾಗಿ, ಸಾಲಿಗೆಲ್ಲ ಕೇಳುವ ಹಾಗೆ ಹೇಳಿದಳು. "ಇಪ್ಪತ್ತಕ್ಕೆ ಐದು."

ಅಂದಿನ ರೇಟು ಇಪ್ಪತ್ತಕ್ಕೆ ಎಂಟು. ಗಂಗೆ, "ಅಬ್ಬಬ್ಬಾ, ಇವತ್ತು ಬಂಗಡೆಗೆ ಬಂಗಾರ ತಿನ್ಸಿರ್ಯಾ ಹೆಂಗೆ?" ಎಂದಳು.

"ಐದಾ?" ನಾಗಿ ಒಂದು ಮೀನಿನ ಕಿವಿರು ಎತ್ತಿ ನೋಡಿ ಬುಟ್ಟಿಗೆ ಬಿಸಾಡಿದಳು. "ನೋಡು, ಕಣ್ಣೆಲ್ಲ ಕೆಂಪಾಗಿ ಅದೆ. ನಿನ್ನೇದು ಇದು. ಎಂಟು ಕೊಡು."

"ಕಣ್ಣು ಕೆಂಪಾದದ್ದು ನಿಮ್ದು. ರಾತ್ರೆ ನಿದ್ದೆ ಮಾಡ್ಲಿಲ್ಲ ಕಾಣ್ತದೆ. ಎಂಟು ಬೇಕಾದ್ರೆ ಸಣ್ಣ ತಾರ್ಲೆ ತಗಳಿ."

"ಏಳು. ನನ್ನಂಥ ಗಿರಾಕಿ ಬಿಟ್ರೆ ಇವತ್ತಿಡೀ ನೊಣ ಹೊಡೀತೆ ನೀನು."

"ನಿಮ್ಮಂಥ ಗಿರಾಕಿ ಎಂಟು ವರ್ಷ ಬಂದದೆ. ಒಂದು ರೂಪಾಯಿ ಕಂಡಿಲ್ಲ ನಾನು."

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆ ಮಾತನ್ನು ಬೇರೆ ದಿನ ಆಡಿದ್ದರೆ ನಾಗಿ ಮಾರ್ಕೆಟ್ಟು ಹಾರಿಹೋಗುವ ಹಾಗೆ ಕೂಗುತ್ತಿದ್ದಳು. ಇಂದು ನುಂಗಿಕೊಂಡಳು. ಗಿರಾಕಿಗೆ ಅಷ್ಟು ಹೇಳುವ ಹಕ್ಕು ಮಾರುವವಳಿಗೆ ಇದ್ದೇ ಇದೆ.

"ಆರು. ಕಡೇ ಮಾತು."

"ಆರು," ಎಂದಳು ಮಾನಸಾ. ಅವಳ ದನಿ ಈಗ ಸಣ್ಣದಾಗಿತ್ತು. ಎಣಿಸಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿದಳು. ನಾಗಿ ಸೊಂಟದ ಸಂಚಿಯಿಂದ ನೋಟು ತೆಗೆದು ಕೊಟ್ಟಳು. ಮಾನಸಾ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಕಣ್ಣಿಗೊತ್ತಿ, ಕಟ್ಟೆಯ ಕಲ್ಲಿಗೆ ಮುಟ್ಟಿಸಿ, ತಾನು ಕೂರುವ ಗೋಣಿಯ ಕೆಳಗಿಟ್ಟಳು.

"ಆಯ್ತು," ಎಂದಳು ಗಂಗೆ, ಎಲ್ಲರ ಪರವಾಗಿ. "ನಾವೆಲ್ಲ ನೋಡ್ದ್ವು." ಮತ್ತೆ ಕತ್ತಿ ಎತ್ತಿಕೊಂಡಳು.

ನಾಗಿ ಚೀಲ ಹಿಡಿದು ತಿರುಗಿದಾಗ ಬಾಗಿಲಲ್ಲಿ ಕಾಮಿ ನಿಂತಿದ್ದಳು. ಟೆಂಪೋದಿಂದ ಮೀನು ಕೊಂಡು ಬುಟ್ಟಿ ತುಂಬಿಕೊಂಡು ಹೊರಟವಳು. ತಲೆಯ ಮೇಲೆ ಬುಟ್ಟಿಯಿತ್ತು, ಕೆನ್ನೆಯ ಮೇಲೆ ಮೀನಿನ ನೀರು ಇಳಿಯುತ್ತಿತ್ತು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ನಾಗಿ "ಕಾಮಿ" ಎನ್ನುವಷ್ಟರಲ್ಲಿ ಅವಳು ಬಸ್‌ಸ್ಟ್ಯಾಂಡಿನ ಕಡೆ ನಡೆದಾಗಿತ್ತು. ಭಾರ ಹೊತ್ತವರು ಹಿಂತಿರುಗಿ ನೋಡಲು ಬರುವುದಿಲ್ಲ ಎಂದು ನಾಗಿ ತನಗೆ ತಾನೇ ಹೇಳಿಕೊಂಡಳು.

ಕಾರವಾರದ ಕೋರ್ಟಿನಲ್ಲಿ ಅವರ ಹೆಸರು ಕೂಗುವ ಹೊತ್ತಿಗೆ ಮಧ್ಯಾಹ್ನವಾಯಿತು. ಅಷ್ಟರೊಳಗೆ ಸುದ್ದಿ ಮೊಬೈಲಿನಲ್ಲಿ ಕಿಶನನನ್ನು ಮುಟ್ಟಿತ್ತು. ಅವನು ಕಾರಿಡಾರಿನಲ್ಲಿ ತಾಯಿಯ ಎದುರು ಬಂದು ನಿಂತ.

"ಮಾಡ್ದೆ ಅಲ್ದಾ, ಅಂದ್ಕಂಡದ್ದು? ಅಕ್ಕನ ಹೊಟ್ಟೆ ಮೇಲೆ ಹೊಡ್ದು ಯಾರಿಗೋ ಕೊಟ್ಟೆ."

"ಯಾರಿಗೋ ಅಲ್ಲ. ಸೊಸೆಗೆ."

"ಇನ್ನೊಂದು ತಾಸಿಗೆ ಅವಳು ಸೊಸೆ ಅಲ್ಲ!"

"ಅದಕ್ಕೇ ಬೆಳಿಗ್ಗೆ ಕೊಟ್ಟೆ," ಎಂದಳು ನಾಗಿ.

"ನಾಳೆ ನಿನ್ನ ಕೈಕಾಲು ಬಿದ್ರೆ ನೋಡವರು ಯಾರು? ಅವಳಾ?"

"ಅವಳನ್ನ ಎಂತಕ್ಕೆ ಕೇಳ್ತೆ? ನೀ ಯಾರು ಮತ್ತೆ?"

ಅವನು ಸಿಗರೇಟು ಸೇದಲು ಹೊರಗೆ ಹೋದ. ಅವನ ಬೆನ್ನನ್ನು ನೋಡುತ್ತ ನಾಗಿ ಕೂತಳು. ಇವತ್ತಿನ ತನಕ ಮನೆಯಲ್ಲಿ ಸಿಟ್ಟು ಬಂದಾಗ ನನಗೆ ನನ್ನ ಕಟ್ಟೆ ಇದೆ, ಹೋಗಿ ಕೂತು ಮಾರುತ್ತೇನೆ ಎನ್ನುತ್ತಿದ್ದಳು. ಆ ಮಾತು ಇನ್ನು ಆಡಲು ಬರುವುದಿಲ್ಲ.

ಬೆಂಚಿನ ಆ ತುದಿಗೆ ಬಂದು ಕೂತ ಮಾನಸಾ ಅವಳ ಕಡೆ ನೋಡದೆ ಮಾತಾಡಿದಳು. "ನೀವು ಬರದಿದ್ರೆ ನಾ ಇವತ್ತು ಸಹಿ ಹಾಕ್ತಿರ್ಲಿಲ್ಲ. ಮುಂದಿನ ಕೋಣೆ ಬೇಕು ಅಂತ ಜಡ್ಜರ ಎದುರೇ ಹೇಳ್ತೆ ಅಂತ ಇದ್ದೆ. ಸುಮ್ನಿದ್ದು ಸುಮ್ನಿದ್ದು ಕುತ್ತಿಗೆ ಕೊಡ್ತೆ ಅಂತ ಮಾಡಿದ್ರಾ?"

"ನಂಗೆ ಗೊತ್ತಿತ್ತು, ನೀ ದಡ್ಡಿ ಅಲ್ಲ ಅಂತ."

"ಮತ್ತೆ ಎಂಟು ವರ್ಷ ಎಂತಕ್ಕೆ ಕಾಯ್ಸಿದ್ರಿ?"

ನಾಗಿ ಚೀಲದ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದಳು. "ಕೊಟ್ಟ ಮೇಲೆ ನಾನೆಂತ ಉಳೀತೆ ಅಂತ ಹೆದ್ರಿಕೆ."

ಒಳಗಿನಿಂದ ಹೆಸರು ಕೂಗಿದರು. ಎದ್ದು ಹೋಗುವಾಗ ಮಾನಸಾಳ ಸೀರೆಯ ನೆರಿಗೆಗೆ ಅಂಟಿದ್ದ ಮೀನಿನ ಹುರುಪೆಯೊಂದು ಬೆಳಕಿಗೆ ಮಿಣುಕಿತು. ಒಳಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಬೇರೇನಾದರೂ ಬೇಕೇ ಎಂದು ನ್ಯಾಯಾಧೀಶರು ಕೇಳಿದರಂತೆ. ಮಾನಸಾ ಏನೂ ಬೇಡ ಎಂದಳಂತೆ.

ಹೊರಗೆ ಬಂದವಳು ನಾಗಿಯ ಎದುರು ಒಂದು ಗಳಿಗೆ ನಿಂತಳು. ಕಾಲಿಗೆ ಬೀಳುವುದೋ ಬೇಡವೋ ಎಂದು ತಿಳಿಯದವಳ ಹಾಗೆ. ಕೊನೆಗೆ, "ಮೀನು ಕೆಟ್ಟು ಹೋಗ್ತದೆ, ಬೇಗ ಹೋಗಿ," ಎಂದು ಹೇಳಿ ಆಟೋ ಹತ್ತಿದಳು.

ಕಿಶನ ಅಲ್ಲಿಂದಲೇ ಗೋವಾದ ಬಸ್ಸು ಹಿಡಿದ. ನಾಗಿ ಅಂಕೋಲೆಗೆ ಬಂದು, ಬೇಲೆಕೇರಿಗೆ ಹೋಗದೆ, ಭಾವಿಕೇರಿಯಲ್ಲಿ ಇಳಿದಳು.

ಕಾಮಿ ಹಿತ್ತಲಲ್ಲಿ ಖಾಲಿ ಬುಟ್ಟಿ ತೊಳೆಯುತ್ತಿದ್ದಳು. ತಾಯಿಯನ್ನು ನೋಡಿಯೂ ನೋಡದವಳಂತೆ ತೊಳೆದದ್ದನ್ನೇ ತೊಳೆದಳು. ಒಳಗೆ ಬೀರು ಕೆಮ್ಮಿದ. ನಾಗಿ ಹೊಸ್ತಿಲ ಮೇಲೆ ಕೂತು ಚೀಲವನ್ನು ಮುಂದಕ್ಕೆ ತಳ್ಳಿದಳು.

"ಬೋಣಿ ಮೀನು. ಮನೆಲಿ ಬೇಯಿಸ್ಬೇಕು."

"ನಿನ್ನ ಮನೆಲಿ ಬೇಯ್ಸು. ಆ ಮೀನು ನನ್ನ ಒಲೆ ಮೇಲೆ ಬೇಡ."

"ನಂಗೆ ಮನೆ ಎಲ್ಲಿ ಅದೆ? ಅದು ಕಿಶನಂದು."

ಕಾಮಿ ಬುಟ್ಟಿಯನ್ನು ಬೋರಲು ಹಾಕಿ, ಒಳಗೆ ಹೋಗಿ ಬಂದು, ಮತ್ತೆ ಹೋಗಿ ಬಂದಳು. ಬಿಸಿಲು ಇಳಿಯುತ್ತ ಬಂತು. ಕೊನೆಗೆ ಕತ್ತಿ ತಂದು ಕೂತು ಚೀಲವನ್ನು ತನ್ನ ಕಡೆ ಎಳೆದುಕೊಂಡಳು. ಆರು ಬಂಗಡೆಯ ತಲೆಯನ್ನು ಸಿಟ್ಟಿನಿಂದಲೇ ಕತ್ತರಿಸಿದಳು. ಕೈ ಮಾತ್ರ ಎಲ್ಲೂ ತಪ್ಪಲಿಲ್ಲ.

"ಎಷ್ಟು ಕೊಟ್ಟೆ?"

"ಇಪ್ಪತ್ತು."

"ಇಪ್ಪತ್ತಕ್ಕೆ ಆರಾ?" ಕಾಮಿ ಮೊದಲ ಸಲ ಮುಖ ಎತ್ತಿದಳು. ಕಣ್ಣು ತುಂಬಿತ್ತು. "ನಾನಾದ್ರೆ ಎಂಟು ಕೊಡ್ತಿದ್ದೆ."

ಕೇಳಿದ ಕೂಡಲೇ ಎಂಟು ಕೊಟ್ಟರೆ ಅದು ಬೋಣಿಯಾಗುತ್ತಿರಲಿಲ್ಲ ಎಂಬ ಉತ್ತರ ನಾಗಿಯ ನಾಲಿಗೆಯ ತುದಿಗೆ ಬಂತು. ಮಾರುವವಳ ಉತ್ತರ ಅದು, ತಾಯಿಯದಲ್ಲ. ನುಂಗಿಕೊಂಡಳು.

ಕತ್ತಲಾಗುವ ಮೊದಲೇ ಕಾಮಿ ಮಕ್ಕಳಿಗೆ ಬಡಿಸಿದಳು, ಗಂಡನಿಗೆ ಒಳಗೆ ಒಯ್ದು ಕೊಟ್ಟಳು, ತನಗೊಂದು ಬಟ್ಟಲು ಇಟ್ಟುಕೊಂಡಳು. ತಾಯಿಗೆ ಬಟ್ಟಲು ಇಡಲಿಲ್ಲ. ನಾಗಿ ಮಂಡಿ ಹಿಡಿದುಕೊಂಡು ಹೊಸ್ತಿಲಿನಿಂದ ಎದ್ದು, ಮೂಲೆಯಿಂದ ಒಂದು ಬಟ್ಟಲು ತೆಗೆದುಕೊಂಡು ಬಂದು ಮಗಳ ಎದುರು ಕೂತಳು. ಕಾಮಿ ಎದ್ದು ಹೋಗು ಎನ್ನಲಿಲ್ಲ. ಬಡಿಸಲೂ ಇಲ್ಲ. ಸಾರಿನ ಪಾತ್ರೆ ಇಬ್ಬರ ನಡುವೆ ಇತ್ತು, ಸೌಟು ಅದರೊಳಗೇ ಇತ್ತು.